ಮೈಯೊಳಗಿನ ಕಾವಲು: ಪಿ53 ಪ್ರೋಟೀನ್ ಮತ್ತು ಗರ್ಭಕೊರಳಿನ ಕ್ಯಾನ್ಸರ್



ಸಂಘದ ಸಭೆಗಳಲ್ಲಿ ಆರೋಗ್ಯದ ಮಾತು ಬಂದಾಗಲೆಲ್ಲ ನಮಗೆ ಒಂದು ಪ್ರಶ್ನೆ ಎದುರಾಗುತ್ತದೆ: "ಸಿಸ್ಟರ್, ಈ ಕ್ಯಾನ್ಸರ್ ಯಾಕೆ ಬರುತ್ತೆ? ಯಾರಿಗೂ ಕೆಟ್ಟದ್ದು ಮಾಡದವರಿಗೂ ಬರುತ್ತಲ್ಲ?" ಕೆಲವರು ಹಣೆಬರಹ ಅನ್ನುತ್ತಾರೆ. ಕೆಲವರು ಯಾರದೋ ಶಾಪ, ಮಾಟ ಅನ್ನುತ್ತಾರೆ. ಇನ್ನು ಕೆಲವರು ಆ ಹೆಸರನ್ನೇ ಬಾಯಲ್ಲಿ ಹೇಳುವುದಿಲ್ಲ, "ಆ ಕಾಯಿಲೆ" ಅಂತಾರೆ.

ವಿಜ್ಞಾನ ಇದಕ್ಕೆ ಬೇರೆ ಉತ್ತರ ಕೊಟ್ಟಿದೆ. ನಮ್ಮ ಮೈಯ ಪ್ರತಿಯೊಂದು ಜೀವಕೋಶದಲ್ಲೂ ಕ್ಯಾನ್ಸರ್ ಬಾರದಂತೆ ನೋಡಿಕೊಳ್ಳುವ ಒಂದು ಕಾವಲು ಇದೆ. ಆ ಕಾವಲು ಕೆಟ್ಟಾಗ ಅಥವಾ ಅದನ್ನು ಯಾರಾದರೂ ತೆಗೆದುಹಾಕಿದಾಗ ಗಡ್ಡೆ ಬೆಳೆಯಲು ದಾರಿಯಾಗುತ್ತದೆ. ಹೆಂಗಸರಿಗೆ ಮಾತ್ರ ಬರುವ ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಈ ಕಾವಲು ತಪ್ಪುವುದು ಹೇಗೆ ಅಂತ ಈಗ ಚೆನ್ನಾಗಿ ಗೊತ್ತಾಗಿದೆ. ಹೇಗೆ ಅಂತ ಗೊತ್ತಾದ್ದರಿಂದಲೇ ತಡೆಯುವ ದಾರಿಯೂ ಸಿಕ್ಕಿದೆ. ಅದನ್ನೇ ಈ ಲೇಖನದಲ್ಲಿ ಸರಳವಾಗಿ ತಿಳಿದುಕೊಳ್ಳೋಣ.

ಜೀವಕೋಶ ಮತ್ತು ಲೆಕ್ಕದ ಪುಸ್ತಕ

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಹಳೆಯ ಕೋಶ ಸಾಯುತ್ತದೆ, ಹೊಸದು ಹುಟ್ಟುತ್ತದೆ. ಒಂದು ಕೋಶ ಎರಡಾಗುವಾಗ ತನ್ನೊಳಗಿನ ಡಿಎನ್‌ಎ ಎಂಬ ಬರಹವನ್ನು ಪೂರ್ತಿ ನಕಲು ಮಾಡಬೇಕು. ಅದು ನಮ್ಮ ಸಂಘದ ಲೆಕ್ಕದ ಪುಸ್ತಕ ಇದ್ದ ಹಾಗೆ. ಹಳೆಯ ಪುಸ್ತಕ ತುಂಬಿದಾಗ ಬಾಕಿಗಳನ್ನೆಲ್ಲ ಹೊಸ ಪುಸ್ತಕಕ್ಕೆ ಇಳಿಸುತ್ತೀರಲ್ಲ, ಆಗ ಎಷ್ಟೇ ಜಾಗ್ರತೆ ಮಾಡಿದರೂ ಒಂದೆರಡು ತಪ್ಪು ನುಸುಳುತ್ತದೆ. 500 ಇರುವ ಕಡೆ 5,000 ಆಗಿಬಿಡುತ್ತದೆ.

ಆಗ ಸಂಘದಲ್ಲಿ ಚುರುಕಾದ ಒಬ್ಬರು ಇರುತ್ತಾರೆ. "ನಿಲ್ಲಿಸಿ, ಈ ಪುಟದಲ್ಲಿ ತಪ್ಪಿದೆ. ಸರಿ ಮಾಡದೆ ಮುಂದಕ್ಕೆ ಬರೆಯಬೇಡಿ" ಅಂತ ಗಟ್ಟಿಯಾಗಿ ಹೇಳುತ್ತಾರೆ. ತಪ್ಪು ಚಿಕ್ಕದಾದರೆ ತಿದ್ದಿಸುತ್ತಾರೆ. ಇಡೀ ಪುಸ್ತಕವೇ ಹಾಳಾಗಿದ್ದರೆ "ಇದು ಬೇಡ, ಹರಿದು ಹಾಕಿ" ಅನ್ನುತ್ತಾರೆ. ಜೀವಕೋಶದೊಳಗೆ ಈ ಕೆಲಸ ಮಾಡುವುದೇ ಪಿ53.

ಪಿ53 ಅಂದರೆ ಏನು?

ಪಿ53 ಒಂದು ಪ್ರೋಟೀನ್. ಪ್ರೋಟೀನ್ ಅಂದ ಕೂಡಲೇ ನಮಗೆ ಬೇಳೆ, ಮೊಟ್ಟೆ, ಮೀನು ನೆನಪಾಗುತ್ತದೆ. ಆದರೆ ಇದು ತಿನ್ನುವ ಪ್ರೋಟೀನ್ ಅಲ್ಲ. ದೇಹ ತನ್ನ ಕೆಲಸಕ್ಕಾಗಿ ಸಾವಿರಾರು ಬಗೆಯ ಪ್ರೋಟೀನ್‌ಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ, ಅವುಗಳಲ್ಲಿ ಇದೂ ಒಂದು. 1979ರಲ್ಲಿ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಇದನ್ನು ಗುರುತಿಸಿದರು. ಬ್ರಿಟನ್ನಿನ ಡೇವಿಡ್ ಲೇನ್, ಅಮೆರಿಕದ ಆರ್ನಾಲ್ಡ್ ಲೆವಿನ್ ಅವರಲ್ಲಿ ಮುಖ್ಯರು. ಮೊದಲು ಇದೇ ಕ್ಯಾನ್ಸರ್ ತರುತ್ತದೆ ಅಂತ ತಿಳಿದಿದ್ದರು. ಸುಮಾರು ಹತ್ತು ವರ್ಷದ ನಂತರ ಸತ್ಯ ತಿರುಗುಮುರುಗಾಗಿದೆ ಅಂತ ಗೊತ್ತಾಯಿತು. ಇದು ಕ್ಯಾನ್ಸರ್ ತಡೆಯುವ ಪ್ರೋಟೀನ್. 1992ರಲ್ಲಿ ಡೇವಿಡ್ ಲೇನ್ ಇದನ್ನು ನಮ್ಮ ವಂಶವಾಹಿಗಳ ಕಾವಲುಗಾರ ಅಂತ ಕರೆದರು.

ಇದರ ಕೆಲಸ ಮೂರು:

1. ಡಿಎನ್‌ಎಗೆ ಪೆಟ್ಟು ಬಿದ್ದರೆ ಕೋಶ ಎರಡಾಗುವುದನ್ನು ತಡೆದು ನಿಲ್ಲಿಸುವುದು.
2. ಪೆಟ್ಟನ್ನು ರಿಪೇರಿ ಮಾಡುವ ಬೇರೆ ಪ್ರೋಟೀನ್‌ಗಳನ್ನು ಕೆಲಸಕ್ಕೆ ಹಚ್ಚುವುದು.
3. ರಿಪೇರಿ ಆಗದಷ್ಟು ಹಾಳಾಗಿದ್ದರೆ ಆ ಕೋಶ ತಾನಾಗಿಯೇ ಸಾಯುವಂತೆ ಮಾಡುವುದು.

ಮನುಷ್ಯರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ತಯಾರಿಸುವ ವಂಶವಾಹಿಯೇ ಕೆಟ್ಟಿರುತ್ತದೆ. ಇದರಿಂದ ಈ ಕಾವಲು ಎಷ್ಟು ಮುಖ್ಯ ಅಂತ ತಿಳಿಯಬಹುದು.

ಕಾವಲಿಗೂ ಒಂದು ಲಗಾಮು

ಹಾಗಾದರೆ ಪಿ53 ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲವಾ ಅಂತ ನೀವು ಕೇಳಬಹುದು. ಅಲ್ಲ. ಪ್ರತಿ ಸಾಲಿಗೂ "ನಿಲ್ಲಿಸಿ, ನಿಲ್ಲಿಸಿ" ಅನ್ನುವವರಿದ್ದರೆ ಸಂಘದ ಲೆಕ್ಕ ಮುಂದಕ್ಕೇ ಹೋಗುವುದಿಲ್ಲ. ಅದಕ್ಕೇ ಪಿ53 ಅನ್ನು ಹದ್ದುಬಸ್ತಿನಲ್ಲಿಡಲು ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಇದೆ. ತೊಂದರೆ ಇಲ್ಲದ ದಿನಗಳಲ್ಲಿ ಎಂಡಿಎಂ2 ಪಿ53ಗೆ "ವಿಲೇವಾರಿಗೆ ಹೋಗಲಿ" ಅಂತ ಒಂದು ಚೀಟಿ ಅಂಟಿಸುತ್ತದೆ. ಚೀಟಿ ಅಂಟಿದ ಪ್ರೋಟೀನ್ ಕೋಶದ ಕಸ ಪುಡಿ ಮಾಡುವ ಜಾಗಕ್ಕೆ ಹೋಗಿ ಪುಡಿಯಾಗುತ್ತದೆ. ಹೀಗೆ ಪಿ53 ಪ್ರಮಾಣ ಕಡಿಮೆ ಇರುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದ ಕೂಡಲೇ ಎಂಡಿಎಂ2 ಹಿಡಿತ ಸಡಿಲವಾಗುತ್ತದೆ, ಪಿ53 ಮೇಲೆದ್ದು ಕೆಲಸ ಶುರು ಮಾಡುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಲಗಾಮು ಬೀಳುತ್ತದೆ.

ಈ ಲಗಾಮು ಎಷ್ಟು ಅಗತ್ಯ ಅನ್ನುವುದು 1995ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಗೊತ್ತಾಯಿತು. ಎಂಡಿಎಂ2 ಇಲ್ಲದ ಇಲಿಮರಿಗಳು ಗರ್ಭದಲ್ಲೇ ಸತ್ತುಹೋದವು. ಪಿ53 ಕೂಡ ಇಲ್ಲದಂತೆ ಮಾಡಿದಾಗ ಅವು ಹುಟ್ಟಿ ಬೆಳೆದವು. ಅಂದರೆ ಲಗಾಮಿಲ್ಲದ ಕಾವಲು ಬೆಳೆಯುವ ಮರಿಯನ್ನೇ ಕೊಂದಿತ್ತು. ಹಾಗಂತ ಲಗಾಮು ವಿಪರೀತ ಬಿಗಿಯಾದರೂ ಅಪಾಯ. ಕೆಲವು ಗಡ್ಡೆಗಳಲ್ಲಿ ಎಂಡಿಎಂ2 ಮಿತಿಮೀರಿ ಹೆಚ್ಚಾಗಿ, ಪಿ53 ಸರಿಯಾಗಿದ್ದರೂ ಏಳಲಾಗದಂತೆ ಅದನ್ನು ಅದುಮಿಟ್ಟಿರುತ್ತದೆ.

ಆನೆಗೆ ಕ್ಯಾನ್ಸರ್ ಯಾಕೆ ಕಡಿಮೆ?

ನಮ್ಮ ಕೊಡಗಿನವರಿಗೆ ಆನೆ ಹೊಸದಲ್ಲ. ದುಬಾರೆಯಲ್ಲಿ ನೋಡುತ್ತೇವೆ, ತೋಟದೊಳಗೆ ಬಂದರೆ ಹೆದರುತ್ತೇವೆ. ಆನೆಯ ಮೈಯಲ್ಲಿ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಜೀವಕೋಶಗಳಿವೆ, ಆಯಸ್ಸೂ ಐವತ್ತು ಅರವತ್ತು ವರ್ಷ. ಆ ಲೆಕ್ಕದಲ್ಲಿ ಆನೆಗಳಿಗೆ ಕ್ಯಾನ್ಸರ್ ತುಂಬಾ ಬರಬೇಕಿತ್ತು. ಆದರೆ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 100 ಆನೆಗಳಲ್ಲಿ ಸುಮಾರು 5 ಮಾತ್ರ ಕ್ಯಾನ್ಸರ್‌ನಿಂದ ಸಾಯುತ್ತವೆ. ಮನುಷ್ಯರಲ್ಲಿ ಇದು 100ಕ್ಕೆ 11ರಿಂದ 25.

ಕಾರಣ ಹುಡುಕಿದಾಗ ಸಿಕ್ಕಿದ್ದು ಪಿ53. ನಮಗೆ ಪಿ53 ವಂಶವಾಹಿ ಒಂದೇ ಒಂದು ಜೋಡಿ ಇದೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಆನೆಗೆ ಸುಮಾರು 20 ಜೋಡಿ. ಡಿಎನ್‌ಎಗೆ ಪೆಟ್ಟು ಬಿದ್ದ ಆನೆಯ ಕೋಶ ನಮ್ಮ ಕೋಶಕ್ಕಿಂತ ಬೇಗ ತಾನಾಗಿಯೇ ಸಾಯುತ್ತದೆ, ಕ್ಯಾನ್ಸರ್ ಆಗುವವರೆಗೆ ಉಳಿಯುವುದಿಲ್ಲ. ನಮಗೆ ಇರುವುದು ಒಂದೇ ಜೋಡಿಯಾದ್ದರಿಂದ ಅದನ್ನು ಜೋಪಾನ ಮಾಡಿಕೊಳ್ಳಬೇಕು.

ಕಾವಲು ತಪ್ಪುವುದು ಹೇಗೆ?

ಮುಖ್ಯವಾಗಿ ಎರಡು ರೀತಿಯಲ್ಲಿ.

ಮೊದಲನೆಯದು, ಕಾವಲೇ ಕೆಡುವುದು. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಒಂದು ವಿಷ ಪಿ53 ವಂಶವಾಹಿಯ ನಿರ್ದಿಷ್ಟ ಜಾಗಗಳಲ್ಲೇ ಅಂಟಿಕೊಳ್ಳುತ್ತದೆ ಅಂತ 1996ರಲ್ಲಿ ಗೊತ್ತಾಯಿತು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಪಿ53 ಕೆಟ್ಟಿರುವುದೂ ಹೆಚ್ಚಾಗಿ ಅದೇ ಜಾಗಗಳಲ್ಲಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರಲ್ಲಿ ಬಾಯಿ ಕ್ಯಾನ್ಸರ್ ಬರುವಾಗಲೂ ಪಿ53 ಕೆಡುವುದು ಸಾಮಾನ್ಯ. ಇನ್ನೊಂದು ವಿಷಯ ಮಳೆನಾಡಿನ ನಾವು ಗಮನಿಸಬೇಕು. ಬೂಷ್ಟು ಹಿಡಿದ ಕಡಲೆಕಾಯಿ, ಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರುತ್ತದೆ. ಅದು ಪಿ53 ಕೆಡಿಸಿ ಲಿವರ್ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಮಳೆಗಾಲದಲ್ಲಿ ಬೂಷ್ಟು ಬಂದ ಕಾಳನ್ನು ತೊಳೆದು ಹುರಿದು ತಿನ್ನಬೇಡಿ, ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಎಸೆದುಬಿಡಿ.

ಎರಡನೆಯದು, ಕಾವಲು ಸರಿಯಾಗಿಯೇ ಇದ್ದರೂ ಹೊರಗಿನಿಂದ ಬಂದವನು ಅದನ್ನು ತೆಗೆದುಹಾಕುವುದು. ಗರ್ಭಕೊರಳಿನ ಕ್ಯಾನ್ಸರ್ ಆಗುವುದು ಹೀಗೆ.

ಗರ್ಭಕೊರಳಿನಲ್ಲಿ ಏನಾಗುತ್ತದೆ?

ಗರ್ಭಕೋಶದ ಕೆಳಗಿನ ಬಾಯಿಯನ್ನು ಗರ್ಭಕೊರಳು ಅನ್ನುತ್ತಾರೆ. ಇಲ್ಲಿನ ಕ್ಯಾನ್ಸರ್‌ಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಇದನ್ನು ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ 1980ರ ದಶಕದಲ್ಲಿ ತೋರಿಸಿಕೊಟ್ಟರು, 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ 100ಕ್ಕೆ ಸುಮಾರು 70ಕ್ಕೆ ಕಾರಣ.

ಈ ವೈರಸ್ ಇ6 ಎಂಬ ತನ್ನದೇ ಪ್ರೋಟೀನ್ ತಯಾರಿಸುತ್ತದೆ. ಇ6 ಕೋಶದೊಳಗಿನ ಇನ್ನೊಂದು ಪ್ರೋಟೀನನ್ನು ಜೊತೆಗೆ ಸೇರಿಸಿಕೊಂಡು ಪಿ53ಗೆ ವಿಲೇವಾರಿಯ ಚೀಟಿ ಅಂಟಿಸುತ್ತದೆ. ಇದು 1990ರಲ್ಲಿ ಪತ್ತೆಯಾಯಿತು. ಎಂಡಿಎಂ2 ಆ ಕೆಲಸವನ್ನು ಹೊತ್ತು ನೋಡಿ, ಮಿತಿಯಲ್ಲಿ ಮಾಡುತ್ತದೆ. ಇ6ಗೆ ಹೊತ್ತೂ ಇಲ್ಲ, ಮಿತಿಯೂ ಇಲ್ಲ. ಡಿಎನ್‌ಎಗೆ ಪೆಟ್ಟು ಬಿದ್ದಾಗಲೂ ಪಿ53 ಅನ್ನು ಕಸಕ್ಕೆ ಕಳಿಸುತ್ತಲೇ ಇರುತ್ತದೆ. ಇ7 ಎಂಬ ಇನ್ನೊಂದು ವೈರಸ್ ಪ್ರೋಟೀನ್ ಮತ್ತೊಂದು ಕಾವಲನ್ನೂ ಕೆಡವುತ್ತದೆ. ಆಮೇಲೆ ತಪ್ಪುಗಳು ತಿದ್ದುವವರಿಲ್ಲದೆ ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ.

ಇದಕ್ಕೆ ಸಾಕ್ಷಿ ಒಬ್ಬ ಬಡ ತಾಯಿಯ ಕೋಶಗಳಲ್ಲೇ ಇದೆ. ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ತಂಬಾಕು ಹೊಲಗಳಲ್ಲಿ ದುಡಿದು ಬೆಳೆದವರು, ಐದು ಮಕ್ಕಳ ತಾಯಿ. 1951ರಲ್ಲಿ ತಮ್ಮ 31ನೇ ವಯಸ್ಸಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರನ್ನು ಕೇಳದೆಯೇ ತೆಗೆದುಕೊಂಡ ಗಡ್ಡೆಯ ಕೋಶಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿ ಇರುವುದು ಎಚ್‌ಪಿವಿ 18. ಪಿ53 ವಂಶವಾಹಿ ಕೆಟ್ಟಿಲ್ಲ, ಆದರೆ ಪಿ53 ಹುಟ್ಟಿದ ಹಾಗೇ ಕಸಕ್ಕೆ ಹೋಗುತ್ತಿದೆ. 2000ದಲ್ಲಿ ವಿಜ್ಞಾನಿಗಳು ಈ ಕೋಶಗಳಲ್ಲಿ ಇ6, ಇ7 ತಯಾರಾಗುವುದನ್ನು ತಡೆದಾಗ ಪಿ53 ಮರಳಿ ಬಂತು, ಐವತ್ತು ವರ್ಷದಿಂದ ಬೆಳೆಯುತ್ತಿದ್ದ ಕೋಶಗಳು ಬೆಳೆಯುವುದನ್ನು ನಿಲ್ಲಿಸಿದವು! ಅಂದರೆ ಕಾವಲು ಸತ್ತಿರಲಿಲ್ಲ, ಅದಕ್ಕೆ ನಿಲ್ಲಲು ಜಾಗ ಕೊಟ್ಟಿರಲಿಲ್ಲ ಅಷ್ಟೇ.

ನಮ್ಮ ಕೈಯಲ್ಲಿರುವ ವರ್ಷಗಳು

ಈಗ ಧೈರ್ಯದ ಮಾತು. ಎಚ್‌ಪಿವಿ ಬಂದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಳ್ಳುತ್ತದೆ. ಹಾಗೆ ಉಳಿದರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ 5–10 ವರ್ಷ ಸಾಕು. ಈ ವರ್ಷಗಳಲ್ಲಿ ನೋವಿಲ್ಲ, ರಕ್ತ ಇಲ್ಲ, ಏನೂ ಗೊತ್ತಾಗುವುದಿಲ್ಲ. ಆದರೆ ಪರೀಕ್ಷೆ ಮಾಡಿದರೆ ಸಿಕ್ಕಿಬೀಳುತ್ತದೆ.

ತೋಟದಲ್ಲಿ ಕೆಲಸ ಮಾಡುವ ನಿಮಗೆ ಇದು ಗೊತ್ತಿರುವ ವಿಷಯವೇ. ಅರೇಬಿಕಾ ಗಿಡಕ್ಕೆ ಬೋರರ್ ಬಿದ್ದರೆ ಎಲೆ ಬಾಡುವವರೆಗೆ ಕಾಯುತ್ತೀರಾ? ಇಲ್ಲ. ಹುಳ ಕಾಂಡದೊಳಗೆ ಕೊರೆಯುತ್ತಿರುವಾಗ ಗಿಡ ಹಸಿರಾಗಿಯೇ ಇರುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಸಲ ಗಿಡ ಗಿಡವನ್ನೂ ನೋಡಿ, ಕಾಂಡದ ಮೇಲೆ ಉಬ್ಬಿದ ಗೆರೆ ಹುಡುಕಿ ಗುರುತು ಹಾಕುತ್ತೀರಿ. ಕಾಫಿ ಗಿಡಕ್ಕೆ ಕೊಡುವ ಆ ಗಮನವನ್ನು ನಮ್ಮ ಮೈಗೂ ಕೊಡೋಣ.

ಕೊಡದಿದ್ದರೆ ಏನಾಗುತ್ತದೆ? 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1,27,000 ಹೆಂಗಸರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂತು, ಸುಮಾರು 80,000 ಹೆಂಗಸರು ಸತ್ತರು. ತಡೆಯಬಹುದಾದ ಕಾಯಿಲೆಗೆ ಇಷ್ಟು ಸಾವು! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ 100 ಹೆಂಗಸರಲ್ಲಿ ಇಬ್ಬರು ಕೂಡ ಪೂರ್ತಿ ಪರೀಕ್ಷೆ ಮಾಡಿಸಿರಲಿಲ್ಲ, ಲೆಕ್ಕ 1.9.

ತಡವಾಗಿ ಗೊತ್ತಾದರೆ ಕರೆಂಟ್ ಕೊಡಿಸಬೇಕು, ಅಂದರೆ ವಿಕಿರಣ ಚಿಕಿತ್ಸೆ. ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ. ಕೊಡಗಿನಿಂದ ಮೈಸೂರು, ಮಂಗಳೂರು, ಬೆಂಗಳೂರಿನ ಕಿದ್ವಾಯಿ, ಇಲ್ಲವೇ ಘಟ್ಟ ಇಳಿದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೆ ಹೋಗಿ ಉಳಿಯಬೇಕು. ಜೊತೆಗೊಬ್ಬರು ಬೇಕು. ಇಬ್ಬರ ಕೂಲಿಯೂ ಹೋಯಿತು, ಸಂಘದ ಸಾಲದ ಕಂತೂ ನಿಂತಿತು, ಮನೆಯಲ್ಲಿ ಮಕ್ಕಳು ಮಾತ್ರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ಚಿಕಿತ್ಸೆಯ ನೆರವಿದೆ. ಆದರೆ ಹೋದ ಕೂಲಿ, ಹೋದ ಸಮಯ ಯಾವ ಯೋಜನೆಯಲ್ಲೂ ವಾಪಸ್ ಬರುವುದಿಲ್ಲ.

ಪರೀಕ್ಷೆ ಹೇಗೆ ಮಾಡುತ್ತಾರೆ?

ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಇದೆ. ಅದನ್ನು ವಿಐಎ ಅನ್ನುತ್ತಾರೆ. ಡಾಕ್ಟರ್ ಅಥವಾ ತರಬೇತಿ ಪಡೆದ ನರ್ಸ್ ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚುತ್ತಾರೆ. ಅಡುಗೆಯ ವಿನೆಗರ್‌ನಲ್ಲಿ ಇರುವುದೂ ಅದೇ. ಒಂದು ನಿಮಿಷ ಕಾದು ನೋಡುತ್ತಾರೆ. ಬದಲಾದ ಕೋಶಗಳಿದ್ದ ಜಾಗ ಬೆಳ್ಳಗೆ ಕಾಣುತ್ತದೆ. ಕೊಯ್ಯುವುದಿಲ್ಲ, ಸೂಜಿ ಇಲ್ಲ, ಕೆಲವೇ ನಿಮಿಷದ ಕೆಲಸ. ಮುಟ್ಟಿನ ದಿನಗಳಲ್ಲಿ ಬೇಡ, ಬಸುರಿಯಾಗಿದ್ದರೆ ಮೊದಲೇ ಹೇಳಿ.

ಇಷ್ಟು ಸರಳವಾದ ಪರೀಕ್ಷೆಯಿಂದ ಪ್ರಯೋಜನ ಇದೆಯಾ? ಇದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳಚೆ ಪ್ರದೇಶಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ಅಧ್ಯಯನ ಮಾಡಿದರು. ಪರೀಕ್ಷೆ ಮಾಡಿದ್ದು ಡಾಕ್ಟರುಗಳಲ್ಲ, ತರಬೇತಿ ಕೊಟ್ಟ ಸ್ಥಳೀಯ ಹೆಣ್ಣುಮಕ್ಕಳು. 2013ರಲ್ಲಿ ಬಂದ ಫಲಿತಾಂಶದಂತೆ ಈ ಕ್ಯಾನ್ಸರ್‌ನಿಂದ ಆಗುವ ಸಾವು 100ಕ್ಕೆ 31ರಷ್ಟು ಕಡಿಮೆಯಾಯಿತು. ವೈರಸ್‌ನ ಡಿಎನ್‌ಎಯನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ. 2021ರಿಂದ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೇ ಮೊದಲ ಆದ್ಯತೆ ಕೊಟ್ಟಿದೆ.

ಬಿಳಿ ಮಚ್ಚೆ ಕಂಡರೆ ಕ್ಯಾನ್ಸರ್ ಬಂತು ಅಂತ ಅಳಬೇಡಿ. ಕೆಲವು ಕ್ಯಾನ್ಸರ್‌ಗೆ ಮೊದಲಿನ ಹಂತ, ಹಲವು ಏನೂ ಅಲ್ಲ. ತಣ್ಣಗಿನ ಅಥವಾ ಬಿಸಿ ಉಪಕರಣ ತಾಗಿಸಿ ಆ ಜಾಗವನ್ನು ತೆಗೆದುಬಿಡುತ್ತಾರೆ, ಗರ್ಭಕೋಶ ತೆಗೆಯಬೇಕಿಲ್ಲ. ಆದರೆ ಮುಂದಿನ ಪರೀಕ್ಷೆಗೆ ಕರೆದಾಗ ಹೋಗಲೇಬೇಕು.

ಸಂಭೋಗದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ವಾಸನೆಯ ಬಿಳಿ ಸೆರಗು, ಇವುಗಳಲ್ಲಿ ಒಂದಿದ್ದರೂ ಐದು ವರ್ಷದ ಲೆಕ್ಕ ನೋಡಬೇಡಿ. "ಕಾಫಿ ಕುಯ್ಲು ಮುಗೀಲಿ, ಮಗಳ ಮದುವೆ ಆಗಲಿ" ಅಂತ ಮುಂದಕ್ಕೆ ಹಾಕಬೇಡಿ. ಆ ವಾರವೇ ಡಾಕ್ಟರ್ ಹತ್ತಿರ ಹೋಗಿ.

ಹೆಣ್ಣುಮಕ್ಕಳಿಗೆ ಲಸಿಕೆ

ವೈರಸ್ ಒಳಗೆ ಬಾರದಿದ್ದರೆ ಇ6 ಕೂಡ ಇಲ್ಲ. ಲಸಿಕೆಯ ಕೆಲಸ ಅದೇ. 9ರಿಂದ 14 ವರ್ಷದೊಳಗೆ, ವೈರಸ್ ಸೋಂಕುವ ಮೊದಲೇ ಕೊಡಿಸಿದರೆ ಅತ್ಯಂತ ಹೆಚ್ಚು ಫಲ. ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಇ6 ತಯಾರಿಸುವ ವಂಶವಾಹಿಯೂ ಇಲ್ಲ. ಇರುವುದು ವೈರಸ್‌ನ ಹೊರಸಿಪ್ಪೆಯಂಥ ಪ್ರೋಟೀನ್ ಮಾತ್ರ. ಆದ್ದರಿಂದ ಲಸಿಕೆಯಿಂದ ಎಚ್‌ಪಿವಿ ಸೋಂಕು ಬರುವುದಿಲ್ಲ. ಮಕ್ಕಳಾಗುವುದಿಲ್ಲ ಅನ್ನುವ ಮಾತೂ ಸುಳ್ಳು. ಭಾರತದಲ್ಲೇ ತಯಾರಾದ ಸರ್ವಾವ್ಯಾಕ್ ಲಸಿಕೆ 2023ರ ಜನವರಿಯಲ್ಲಿ ಬಿಡುಗಡೆಯಾಯಿತು. ಸಿಕ್ಕಿಂ ರಾಜ್ಯ 2018ರಲ್ಲೇ ತನ್ನ ಹೆಣ್ಣುಮಕ್ಕಳಿಗೆಲ್ಲ ಎಚ್‌ಪಿವಿ ಲಸಿಕೆ ಹಾಕಿಸಲು ಶುರು ಮಾಡಿತ್ತು. ನಿಮ್ಮ ಹತ್ತಿರ ಎಲ್ಲಿ, ಯಾವಾಗ ಸಿಗುತ್ತದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಲಸಿಕೆ ಹಾಕಿಸಿಕೊಂಡವರೂ 30 ದಾಟಿದ ಮೇಲೆ ಪರೀಕ್ಷೆ ಮಾಡಿಸಬೇಕು, ಯಾಕೆಂದರೆ ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ.

ನೀವು ಕೇಳುವ ಕೆಲವು ಪ್ರಶ್ನೆಗಳು

ಎಚ್‌ಪಿವಿ ಬಂದರೆ ಹೆಂಗಸು ಸರಿ ಇಲ್ಲ ಅಂತಲಾ?
ಖಂಡಿತಾ ಅಲ್ಲ. ಇದು ದೈಹಿಕ ಸಂಬಂಧದಿಂದ ಹರಡುತ್ತದೆ ನಿಜ, ಆದರೆ ಮದುವೆಯಾಗಿ ಒಬ್ಬರ ಜೊತೆಯಲ್ಲೇ ಬದುಕಿದವರಿಗೂ ಬರಬಹುದು. ಗಂಡಸರಲ್ಲೂ ಇರುತ್ತದೆ. ಯಾವಾಗ, ಯಾರಿಂದ ಬಂತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ರಿಪೋರ್ಟ್ ಹಿಡಿದು ಯಾರ ನಡತೆಯನ್ನೂ ಅಳೆಯಬಾರದು. ಈ ಮಾತನ್ನು ಮನೆಯ ಗಂಡಸರಿಗೂ, ಅತ್ತೆಯಂದಿರಿಗೂ ಹೇಳಿ.

ಪಿ53 ಹೆಚ್ಚಿಸುವ ಪುಡಿ, ಟಾನಿಕ್ ಇದೆಯಂತೆ?
ಹಾಗೆ ಹೇಳಿ ಮಾರಲು ಬಂದವರಿಗೆ ಹಣ ಕೊಡಬೇಡಿ. ಪುಡಿ ತಿಂದು ಪಿ53 ಸರಿಯಾಗುವುದಿಲ್ಲ. ಆ ಹಣ ಆಸ್ಪತ್ರೆಗೆ ಹೋಗುವ ಬಸ್ಸಿಗಾಗಲಿ.

ಮನೆತನದಲ್ಲಿ ಬರುತ್ತದೆಯಾ?
ಹುಟ್ಟುವಾಗಲೇ ಪಿ53 ಕೆಟ್ಟಿರುವ ಕುಟುಂಬಗಳಿವೆ, ಆದರೆ ತೀರಾ ಅಪರೂಪ. ಗರ್ಭಕೊರಳಿನ ಕ್ಯಾನ್ಸರ್‌ಗೆ ಮುಖ್ಯ ಕಾರಣ ವೈರಸ್ಸೇ.

ಬೀಡಿ ಸೇದುವವರಿಗೆ ಅಪಾಯ ಹೆಚ್ಚಾ?
ಹೌದು. ಎಚ್‌ಪಿವಿ ಇದ್ದವರು ಬೀಡಿ, ಸಿಗರೇಟು ಸೇದಿದರೆ ಗರ್ಭಕೊರಳಿನ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಎಲೆ ಅಡಿಕೆಯಲ್ಲಿ ಅಡಿಕೆಯೂ ಕ್ಯಾನ್ಸರ್ ತರುವಂಥದ್ದೇ, ಹೊಗೆಸೊಪ್ಪು ಸೇರಿದರೆ ಬಾಯಿಗೆ ಅಪಾಯ ಇನ್ನೂ ಜಾಸ್ತಿ.

ಸಂಘ ಏನು ಮಾಡಬಹುದು?

2020ರ ನವೆಂಬರ್ 17ರಂದು ವಿಶ್ವ ಆರೋಗ್ಯ ಸಂಸ್ಥೆ ಈ ಕ್ಯಾನ್ಸರನ್ನು ನಿರ್ಮೂಲ ಮಾಡುವ ಗುರಿ ಇಟ್ಟಿತು. 2030ರೊಳಗೆ 100 ಹುಡುಗಿಯರಲ್ಲಿ 90 ಮಂದಿಗೆ ಲಸಿಕೆ, 100 ಹೆಂಗಸರಲ್ಲಿ 70 ಮಂದಿಗೆ ಪರೀಕ್ಷೆ, ತೊಂದರೆ ಕಂಡ 100ರಲ್ಲಿ 90 ಮಂದಿಗೆ ಚಿಕಿತ್ಸೆ. ಇಪ್ಪತ್ತು ಜನರ ಸಂಘದಲ್ಲಿ ಲೆಕ್ಕ ಹಾಕಿದರೆ 14 ಮಂದಿಗೆ ಪರೀಕ್ಷೆ. ಇದು ನಮ್ಮಿಂದ ಆಗದ ಕೆಲಸವೇನಲ್ಲ.

* 30 ದಾಟಿದ ಸದಸ್ಯರ ಪಟ್ಟಿ ಮಾಡಿ. ಪರೀಕ್ಷೆ ಆದ ತಾರೀಕು ಬರೆದಿಡಿ. ಫಲಿತಾಂಶ ಬರೆಯಬೇಡಿ, ಅದು ಅವರವರ ಸ್ವಂತ ವಿಷಯ.
* ಒಬ್ಬೊಬ್ಬರೇ ಹೋಗಲು ನಾಚಿಕೆ. ಐದಾರು ಮಂದಿ ಒಟ್ಟಿಗೆ ಹೋಗಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಯಾವ ದಿನ ಅಂತ ಪ್ರತಿನಿಧಿಗಳು ಮೊದಲೇ ಕೇಳಿಕೊಂಡು ಬರಲಿ.
* ಲೈನ್ ಮನೆಗಳಲ್ಲಿರುವ, ಸಂಘಕ್ಕೆ ಸೇರದ ಹೆಂಗಸರನ್ನೂ ಕರೆದುಕೊಂಡು ಹೋಗಿ. ಅವರಿಗೆ ಹೇಳುವವರೇ ಇರುವುದಿಲ್ಲ.
* ಆಸ್ಪತ್ರೆ ಪ್ರಯಾಣಕ್ಕೆ ಸಣ್ಣ ಸಾಲ ಕೂಡಲೇ ಸಿಗುವಂತೆ ಸಭೆಯಲ್ಲಿ ನಿರ್ಣಯ ಬರೆದುಕೊಳ್ಳಿ.
* ಮತ್ತೆ ಬರಲು ಹೇಳಿದವರು ಹೋದರಾ ಅಂತ ಒಬ್ಬರು ವಿಚಾರಿಸಿ, ಬೇಕಾದರೆ ಜೊತೆಗೆ ಹೋಗಿ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಇದುವರೆಗೆ ಎಷ್ಟು ಮಂದಿ ಪರೀಕ್ಷೆ ಮಾಡಿಸಿದ್ದೇವೆ? ಮಾಡಿಸದಿದ್ದರೆ ತಡೆದದ್ದು ಯಾವುದು: ನಾಚಿಕೆಯಾ, ಭಯವಾ, ಕೂಲಿಯಾ, ಮನೆಯವರಾ?
2. ಪಿ53 ಕೆಲಸವನ್ನು ನಿಮ್ಮ ಮಗಳಿಗೆ ಅಥವಾ ಸೊಸೆಗೆ ನಿಮ್ಮ ಮಾತಿನಲ್ಲಿ ಹೇಗೆ ಹೇಳುತ್ತೀರಿ? ಒಬ್ಬರು ಎದ್ದು ನಿಂತು ಹೇಳಿ ನೋಡಿ.
3. ಮುಂದಿನ ಸಭೆಯೊಳಗೆ ಪರೀಕ್ಷೆಗೆ ಹೋಗುವ ಮೊದಲ ಐವರು ಯಾರು? ಹೆಸರು ಮತ್ತು ದಿನ ಇವತ್ತೇ ಗೊತ್ತುಮಾಡಿ.